ಗಡಿಕಲ್ಲಿನ ಮೇಲೆ ಕೋವಿ

"ಮಾವ, ಎರಡು ಕಟ್ಟಳೆಗಳು ಒಂದಕ್ಕೊಂದು ಅಡ್ಡ ಬಂದರೆ ಬೇಟೆಗಾರ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು?" ಎಂದು ಚಿನ್ನೋಬ ಕೇಳಿದ.

ಪಾಲಯ್ಯ ಎಲೆಗೆ ಸುಣ್ಣ ಹಚ್ಚುತ್ತಿದ್ದ. ಕಾಡಿನಂಚಿನ ಆ ಊರಿನಲ್ಲಿ ಬೇಟೆ ಕಲಿಯುವವರಿಗೆಲ್ಲ ಅವನೇ ಗುರು. ಆದರೆ ಗುರುಗಳೇ ಎಂದು ಅವನನ್ನು ಯಾರೂ ಕರೆಯುತ್ತಿರಲಿಲ್ಲ. ಹಾಗೆ ಕರೆಸಿಕೊಂಡರೆ ಸುಳ್ಳು ಹೇಳುವಂತಿಲ್ಲ, ಅಷ್ಟು ಕಷ್ಟ ತನ್ನಿಂದಾಗದು ಎಂದು ಅವನೇ ಬೇಡ ಅಂದಿದ್ದ. ಹಾಗಾಗಿ ಊರಿಗೆಲ್ಲ ಅವನು ಮಾವ.

ಆ ಸಂಸ್ಥಾನದಲ್ಲಿ ಬೇಟೆಯಾಡುವವನ ತೋಳಿನಲ್ಲಿ ತಾಮ್ರದ ಬಿಲ್ಲೆ ಇರಬೇಕಿತ್ತು. ಬಿಲ್ಲೆ ಸಿಗಬೇಕಾದರೆ ಕಟ್ಟಳೆ ತಿಳಿದಿರಬೇಕು. ಇವನಿಗೆ ತಿಳಿದಿದೆ ಎಂದು ಗುರು ಕಾಡು ಕಾಯುವವರ ಚೌಕಿಯಲ್ಲಿ ನಿಂತು ಹೇಳಬೇಕು. ಮರುದಿನ ಚಿನ್ನೋಬನ ಸರದಿ. ಈ ಸಲ ತಪ್ಪಿದರೆ ಇನ್ನೊಂದು ಮಳೆಗಾಲ ಕಳೆಯುವವರೆಗೆ ಬಿಲ್ಲೆಯಿಲ್ಲ. ಅವನ ಹೊಲವೋ ಕಾಡಿಗೆ ಅಂಟಿಕೊಂಡಿತ್ತು. ನೆಟ್ಟ ಗೆಣಸನ್ನು ಅವನಿಗಿಂತ ಮೊದಲು ಹಂದಿಗಳೇ ಅಗೆಯುತ್ತಿದ್ದವು.

ಬೆಳೆಗೆ ಬರುವ ಹಂದಿಗೆ ಮಾತ್ರ, ಗುರುವಿನ ಒಪ್ಪಿಗೆಯಿದ್ದರೆ, ಕಲಿಯುವವನೂ ಕೋವಿ ಎತ್ತಬಹುದಿತ್ತು. ಆ ಗುಂಡಿಗೆ ಗುರುವೇ ಹೊಣೆ. ಅಂದು ಮುಂಜಾನೆ ಚಿನ್ನೋಬ ಒಪ್ಪಿಗೆ ಕೇಳಿ ಹಳ್ಳದ ಕಡೆ ಹೋಗಿದ್ದ. ಒಂದು ಗುಂಡಿನ ಸದ್ದು ಊರಿಗೆಲ್ಲ ಕೇಳಿಸಿತು. ಬರುವಾಗ ಬರಿಗೈಯಲ್ಲಿ ಬಂದ. ಕೇಳಿದವರಿಗೆ, ಗುಂಡು ತಪ್ಪಿತು, ಹಂದಿ ಓಡಿತು ಎಂದ. ಕೋವಿಯನ್ನು ಮನೆಯಲ್ಲಿ ಇಡದೆ ನೇರವಾಗಿ ಮಾವನ ಜಗಲಿಗೆ ಬಂದು ಕೂತಿದ್ದ. ಮಾವ ಹೊರಗಿನಿಂದ ಬಂದದ್ದು ಅವನ ನಂತರ.

"ಯಾವ ಎರಡು ಕಟ್ಟಳೆ?" ಎಂದ ಮಾವ.

"ಸುಮ್ಮನೆ ಕೇಳಿದೆ. ಹಳ್ಳದ ಆಚೆ ಕಾಪಿಟ್ಟ ಕಾಡು, ಕೋವಿ ಹಿಡಿದು ಅಲ್ಲಿಗೆ ಕಾಲಿಡಬಾರದು ಅನ್ನುತ್ತಾರೆ. ಗಾಯವಾದ ಪ್ರಾಣಿಯನ್ನು ಬಿಟ್ಟು ಬರಬಾರದು ಅಂತಲೂ ಅನ್ನುತ್ತಾರೆ. ಗಾಯವಾದದ್ದು ಹಳ್ಳ ದಾಟಿತು ಅನ್ನಿ. ಬೆನ್ನು ಹತ್ತಿದರೆ ಒಂದು ಮುರಿಯಿತು. ಬಿಟ್ಟರೆ ಇನ್ನೊಂದು ಮುರಿಯಿತು. ಕಟ್ಟಳೆ ಮಾಡಿದವರಿಗೆ ಇದು ಹೊಳೆಯಲಿಲ್ಲವೇ?"

"ಅವರಿಗೆ ಎಲ್ಲಿಂದ ಹೊಳೆಯಬೇಕು? ನನ್ನನ್ನು ಕೇಳಿದ್ದರೆ ಆಗುತ್ತಿತ್ತು. ನನಗೆ ಕಟ್ಟಳೆ ಗೊತ್ತಿರುವಷ್ಟು ಕಟ್ಟಳೆಗೇ ಗೊತ್ತಿಲ್ಲ. ಒಂದು ಸಲ ಒಂದು ಜಿಂಕೆಗೆ ಗುರಿ ಇಟ್ಟಿದ್ದೆ. ಜಿಂಕೆ ನಿಂತು, ಮಾವ, ಇದು ಮರಿ ಹಾಕುವ ಕಾಲ ಅಲ್ಲವೇ ಅಂತು. ಹೌದು ತಾಯಿ, ನಿನಗೆ ನೆನಪಿದೆಯೋ ಇಲ್ಲವೋ ಅಂತ ನೋಡಿದೆ ಅಂದೆ. ಕೈಮುಗಿದು ಹೋಯಿತು."

ಚಿನ್ನೋಬ ನಗಲಿಲ್ಲ. ಬೇರೆ ದಿನವಾಗಿದ್ದರೆ, ಮುಂಗಾಲನ್ನೋ ಹಿಂಗಾಲನ್ನೋ ಮುಗಿದದ್ದು ಎಂದು ಕೇಳುತ್ತಿದ್ದ.

ಮಾವನ ಬೆನ್ನ ಹಿಂದಿನ ಗೋಡೆಯಲ್ಲಿ ಕೋವಿ ತೂಗುವ ಗೂಟವಿತ್ತು. ಇಂಥ ಕತೆ ಹೇಳಿದಾಗೆಲ್ಲ ಮಾವ ಆ ಕಡೆ ತಿರುಗಿ, ಹೌದೇನೇ ಎಂದು ತನ್ನ ಕೋವಿಯನ್ನೇ ಸಾಕ್ಷಿ ಕೇಳುವುದು ರೂಢಿ. ಇವತ್ತು ತಿರುಗಲಿಲ್ಲ. ಮಾವನ ಕಾಲಿಗೆ ಹಳ್ಳದ ಮರಳು ಅಂಟಿ ಒಣಗುತ್ತಿತ್ತು. ಚಿನ್ನೋಬ ತಲೆ ತಗ್ಗಿಸಿ ಕೂತಿದ್ದ. ಮರಳು ಅವನ ಕಣ್ಣೆದುರೇ ಇತ್ತು. ನೋಡುತ್ತಿದ್ದರೂ ಅದು ಅವನ ಗಮನಕ್ಕೆ ಬರಲಿಲ್ಲ.

"ಒಂದು ಕತೆ ಹೇಳುತ್ತೇನೆ," ಎಂದ ಮಾವ. "ಹೊತ್ತಿದೆ. ಬಿಸಿಲು ಇನ್ನೂ ಅಂಗಳದಲ್ಲಿದೆ. ಅದು ಹೊಸ್ತಿಲಿಗೆ ಬರುವವರೆಗೆ ನಾವಿಬ್ಬರೂ ಎಲ್ಲಿಗೂ ಹೋಗಬೇಕಾಗಿಲ್ಲ."

ಒಬ್ಬ ಬೇಟೆಗಾರನಿದ್ದ. ಅವನು ನಾನಲ್ಲ. ನಾನಾಗಿದ್ದರೆ ಕತೆ ಮೊದಲ ಗುಂಡಿಗೇ ಮುಗಿಯುತ್ತಿತ್ತು, ನಿನಗೆ ಕೇಳಲು ಏನೂ ಉಳಿಯುತ್ತಿರಲಿಲ್ಲ.

ಅವನ ತೋಳಿನಲ್ಲಿ ಬಿಲ್ಲೆ ಇತ್ತು. ಬಾಯಿಯಲ್ಲಿ ಕಟ್ಟಳೆ ಇತ್ತು. ಯಾವ ತಿಂಗಳಲ್ಲಿ ಯಾವುದನ್ನು ಹೊಡೆಯಬಾರದು, ನೀರು ಕುಡಿಯುವುದಕ್ಕೆ ಏಕೆ ಗುರಿ ಇಡಬಾರದು, ಬಿಲ್ಲೆಯನ್ನು ತಮ್ಮನಿಗೂ ಏಕೆ ಕೊಡಬಾರದು, ಎಲ್ಲ ಪಟಪಟನೆ ಹೇಳುತ್ತಿದ್ದ. ಮದುವೆ ಮನೆಯಲ್ಲಿ ಊಟಕ್ಕೆ ಕೂತರೆ ಎಡಬಲದವರಿಗೆ ಕಟ್ಟಳೆಯನ್ನೇ ಬಡಿಸುತ್ತಿದ್ದ. ಪಕ್ಕದಲ್ಲಿ ಕೂರಲು ಜನ ಹೆದರುತ್ತಿದ್ದರು.

ಅವನಿದ್ದ ಕಡೆಯೂ ನಮ್ಮ ಹಾಗೆ ಒಂದು ಹಳ್ಳ. ಈಚೆ ಬೇಟೆಯ ಕಾಡು, ಆಚೆ ಕಾಪಿಟ್ಟ ಕಾಡು. ದಡದಲ್ಲಿ ಒಂದು ಚಪ್ಪಟೆ ಗಡಿಕಲ್ಲು. ಗಾಯವಾದ ಪ್ರಾಣಿ ಹಳ್ಳ ದಾಟಿದರೆ ಬೇಟೆಗಾರ ತನ್ನ ಕೋವಿಯನ್ನು ಆ ಕಲ್ಲಿನ ಮೇಲೆ ಅಡ್ಡ ಇಡಬೇಕು. ಬರಿಗೈಯಲ್ಲಿ ಚೌಕಿಗೆ ಹೋಗಿ ಕಾವಲುಗಾರನಿಗೆ ಹೇಳಬೇಕು. ಬಿಸಿಲೇರುವವರೆಗೆ ಬಿಟ್ಟರೆ ಗಾಯವಾದದ್ದು ಎಲ್ಲಾದರೂ ಮಲಗುತ್ತದೆ, ಮೈ ಬಿಗಿದು ಏಳಲಾರದು. ಆಮೇಲೆ ಬೇಟೆಗಾರ ಜಾಡು ತೋರಿಸಬೇಕು, ಕಾವಲುಗಾರ ತನ್ನ ಕೋವಿಯಿಂದ ಅದರ ನೋವು ಮುಗಿಸಬೇಕು. ಅಲ್ಲಿಯವರೆಗೆ ಕಲ್ಲಿನ ಮೇಲೆ ಕೋವಿ ಕಂಡವರು ಯಾರೂ ಆಚೆಗೆ ಹೋಗುವುದಿಲ್ಲ. ಇದನ್ನು ಅರಮನೆಯವರು ಬರೆದದ್ದಲ್ಲ. ಬೇಟೆಗಾರರು ತಾವೇ ಮಾಡಿಕೊಂಡ ರೂಢಿ.

ನಿನಗೆ ಗೊತ್ತಿದ್ದದ್ದೇ. ಆದರೂ ಹೇಳಿದೆ. ಕತೆ ಉದ್ದವಾಗಬೇಕಲ್ಲ.

ಆದರೆ ಕಲ್ಲಿನ ಮೇಲೆ ಕೋವಿ ಇಟ್ಟರೆ ದಾರಿಯಲ್ಲಿ ಹೋಗುವವರೆಲ್ಲ ನೋಡುತ್ತಾರೆ. ಇದು ಇಂಥವನ ಕೋವಿ, ಇಂಥವನ ಗುರಿ ಕೆಟ್ಟಿತು ಎಂದು ಸಂಜೆಯೊಳಗೆ ಬಾವಿಕಟ್ಟೆಗೂ ಗೊತ್ತಾಗುತ್ತದೆ. ಈ ಬೇಟೆಗಾರನ ಕೋವಿ ಆ ಕಲ್ಲು ಮುಟ್ಟಿರಲಿಲ್ಲ. ಅದೇ ಅವನ ಹೆಮ್ಮೆ.

ಇಲ್ಲಿ ಚಿನ್ನೋಬ ತಲೆಯೆತ್ತಿದ. "ನಿಮ್ಮದೂ ಮುಟ್ಟಿಲ್ಲವಲ್ಲ, ಮಾವ."

"ನನ್ನ ಮಾತು ಬೇರೆ. ನನ್ನ ಕೋವಿಗೆ ನನ್ನ ಹೆಗಲು ಗೊತ್ತು, ಆ ಗೂಟ ಗೊತ್ತು. ಗಡಿಕಲ್ಲು ದಕ್ಷಿಣಕ್ಕಿದೆಯೋ ಉತ್ತರಕ್ಕಿದೆಯೋ ಅಂತ ಅದು ಇನ್ನೂ ಕೇಳಿಲ್ಲ."

ಮಾವ ಕೊಚ್ಚಿಕೊಳ್ಳುತ್ತಿದ್ದ ನೂರು ಮಾತಿನಲ್ಲಿ ಸುಳ್ಳಲ್ಲದ್ದು ಇದೊಂದೇ ಎಂದು ಊರಿಗೆ ಗೊತ್ತಿತ್ತು. ಚಿನ್ನೋಬ ಕೋವಿ ಕಲಿಯಲು ಅವನ ಬಳಿಗೇ ಬಂದದ್ದೂ ಇದಕ್ಕಾಗಿಯೇ.

ಮಾವ ಎಲೆ ಮಡಿಸಿ ಬಾಯಿಗಿಟ್ಟು ಕತೆ ಮುಂದುವರಿಸಿದ.

ಒಂದು ಬೆಳಗ್ಗೆ ಬೇಟೆಗಾರ ಹಳ್ಳದ ಈಚೆ ಒಂದು ಹಂದಿಗೆ ಹೊಡೆದ. ಗುಂಡು ಎದೆಗೆ ಬೀಳಬೇಕಾದದ್ದು ಹೊಟ್ಟೆಯ ಹಿಂದಕ್ಕೆ ಬಿತ್ತು. ಹಂದಿ ಹಳ್ಳಕ್ಕೆ ಇಳಿದು ಆಚೆ ಹತ್ತಿತು. ಮರಳಿನ ಮೇಲೆ ನೆತ್ತರು ಬಿದ್ದಿತ್ತು.

ಬೇಟೆಗಾರ ದಡಕ್ಕೆ ಬಂದು ನಿಂತ. ದಾಟಿದರೆ ಒಂದು ಕಟ್ಟಳೆ ಮುರಿಯುತ್ತದೆ. ಬಿಟ್ಟರೆ ಇನ್ನೊಂದು ಮುರಿಯುತ್ತದೆ. ನಿನ್ನ ಹಾಗೆಯೇ ಅವನೂ ಯೋಚಿಸಿದ. ತುಂಬ ಬುದ್ಧಿವಂತ. ಯೋಚಿಸುತ್ತ ಯೋಚಿಸುತ್ತ, ಕೋವಿ ಮಲಗಬೇಕಾದ ಕಲ್ಲಿನ ಮೇಲೆ ತಾನೇ ಕೂತ. ಕೋವಿಯನ್ನು ತೊಡೆಯ ಮೇಲೆ ಇಟ್ಟುಕೊಂಡ.

ಅಷ್ಟರಲ್ಲಿ ಒಬ್ಬ ಕುಂಬಾರ ಬುಟ್ಟಿ ಹಿಡಿದು ಬಂದ. ಮಡಕೆಗೆ ಒಳ್ಳೆಯ ಜೇಡಿಮಣ್ಣು ಆಚೆ ದಡದಲ್ಲಿತ್ತು. ಕೋವಿಯಿಲ್ಲದವರು ಹೋಗಿ ತರಬಹುದಿತ್ತು.

"ಏನಣ್ಣ, ಕಲ್ಲಿನ ಮೇಲೆ ನೀನೇ ಕೂತುಬಿಟ್ಟಿದ್ದೀಯ," ಎಂದ ಕುಂಬಾರ. "ಕೋವಿಗೆ ಜಾಗ ಸಿಗಬಾರದು ಅಂತಲೋ?"

"ನನ್ನ ಕೋವಿಗೆ ಆ ಜಾಗ ಯಾಕಪ್ಪ?"

"ಹಾಗಾದರೆ ಆಚೆ ಭಯವಿಲ್ಲ ಅನ್ನು."

"ಈ ದಡದ್ದು ಕೇಳು, ಹೇಳುತ್ತೇನೆ. ಆ ದಡ ನನ್ನ ಬಿಲ್ಲೆಗೆ ಸೇರಿದ್ದಲ್ಲ."

ಕುಂಬಾರ ನಕ್ಕ. ಇವನು ಯಾವಾಗಲೂ ಹೀಗೇ ಮಾತಾಡುವವನು ಎಂದುಕೊಂಡು ನೀರಿಗೆ ಇಳಿದ. ಬೇಟೆಗಾರ ಅವನನ್ನು ಕರೆಯಲು ಬಾಯಿ ತೆರೆದ. ಕರೆದರೆ ಕಾರಣ ಹೇಳಬೇಕು. ಬಾಯಿ ಮುಚ್ಚಿದ.

ಚಿನ್ನೋಬ ಎದ್ದು ನಿಂತ. "ಮಾವ, ನಾನು ಒಂದು ಗಳಿಗೆ ಹೊರಗೆ ಹೋಗಿ ಬರಲೇ?"

"ಕೂತುಕೋ."

"ಬೇಗ ಬರುತ್ತೇನೆ."

"ಬಿಸಿಲು ಇನ್ನೂ ಹೊಸ್ತಿಲಿಗೆ ಬಂದಿಲ್ಲ ಕಣೋ. ಈಗ ಯಾರು ಎಲ್ಲಿಗೆ ಹೋದರೂ ಕೆಲಸ ಕೆಡುತ್ತದೆ. ಕೂತುಕೋ. ದಾರಿಯಲ್ಲಿ ಯಾರೂ ಇಲ್ಲ."

ದಾರಿಯಲ್ಲಿ ಯಾರೂ ಇಲ್ಲವೆಂದು ಮಾವನಿಗೆ ಹೇಗೆ ಗೊತ್ತು ಎಂದು ಚಿನ್ನೋಬ ಕೇಳಲಿಲ್ಲ. ಕೂತ. ಅವನ ಕೈ ಕೋವಿಯ ಮೇಲಿತ್ತು.

ಹಂದಿ ಜೇಡಿಯ ಗುಂಡಿಯ ಪಕ್ಕದ ಪೊದೆಯಲ್ಲೇ ಇತ್ತು, ಎಂದು ಮಾವ ಹೇಳಿದ. ಕುಂಬಾರ ಬಗ್ಗಿದಾಗ ನುಗ್ಗಿತು. ಅವನ ತೊಡೆ ಸೀಳಿತು. ಅವನು ಕೂಗಿದ್ದು ಈ ದಡಕ್ಕೆ ಕೇಳಿಸಿತು.

ಬೇಟೆಗಾರ ಕೆಟ್ಟವನಲ್ಲ. ಕೂಗು ಕೇಳಿದ ಮೇಲೆ ಕಟ್ಟಳೆ ಯೋಚಿಸಲಿಲ್ಲ. ಕೋವಿ ಹಿಡಿದೇ ಹಳ್ಳ ದಾಟಿದ. ಹಂದಿ ಅವನ ಮೇಲೆ ತಿರುಗಿತು. ಅವನು ಹಿಂದೆ ಸರಿಯದೆ ನಿಂತು ಹೊಡೆದ. ಇದನ್ನು ನಾನೇ ಒಪ್ಪುತ್ತೇನೆ, ಒಳ್ಳೆಯ ಗುರಿ. ಕುಂಬಾರನನ್ನು ಹೆಗಲ ಮೇಲೆ ಹೊತ್ತು ಚೌಕಿಗೆ ತಂದ. ಜನ ಸೇರಿದರು. ಒಂದು ಜೀವ ಉಳಿಸಿದ ಎಂದು ಹೊಗಳಿದರು. ಯಾರೋ ಹಾರ ತರಲು ಕೂಡ ಓಡಿದರಂತೆ.

ಚೌಕಿಗೆ ಕಾಡಿನ ಅಧಿಕಾರಿ ಬಂದು ಮೊದಲು ಕುಂಬಾರನ ಮಾತು ಕೇಳಿದ. ಬೇಟೆಗಾರ ಎದೆಯೆತ್ತಿ ಅವನ ಮುಂದೆ ನಿಂತ.

"ಕೋವಿ ಸಮೇತ ಗಡಿ ದಾಟಿದ್ದೇನೆ. ಕಟ್ಟಳೆ ನನಗೆ ಗೊತ್ತಿಲ್ಲ ಅನ್ನುವುದಿಲ್ಲ. ಶಿಕ್ಷೆ ಏನಿದೆಯೋ ಕೊಡಿ," ಎಂದ.

ಅಧಿಕಾರಿ, "ದಾಟಿದ್ದಕ್ಕೆ ಶಿಕ್ಷೆಯಿಲ್ಲ. ದಾಟುವ ಮೊದಲು ಕಲ್ಲಿನ ಮೇಲೆ ಕೂತಿದ್ದೆಯಲ್ಲ, ಅದಕ್ಕೆ ಬಿಲ್ಲೆ ಬಿಚ್ಚು," ಎಂದ.

"ಎರಡು ಕಟ್ಟಳೆ ಅಡ್ಡ ಬಂದವು, ಸ್ವಾಮಿ. ನಾನು ಏನು ಮಾಡಬೇಕಿತ್ತು?"

"ಎಲ್ಲಿ ಅಡ್ಡ ಬಂದವು? ಹಳ್ಳ ದಾಟಬೇಡ ಎಂದು ಹೇಳಿದ್ದು ನಿನ್ನ ಕೋವಿಗೆ. ಗಾಯವಾದದ್ದನ್ನು ಬಿಡಬೇಡ ಎಂದು ಹೇಳಿದ್ದು ನಿನಗೆ. ಕೋವಿಯನ್ನು ಇಟ್ಟಿದ್ದರೆ ಎರಡೂ ಉಳಿಯುತ್ತಿದ್ದವು."

ಬೇಟೆಗಾರ ಬಿಲ್ಲೆ ಬಿಚ್ಚಿಕೊಟ್ಟ. ಹಾರ ತಂದವನು ಅದನ್ನು ಯಾರಿಗೆ ಹಾಕಬೇಕೆಂದು ತಿಳಿಯದೆ ಮನೆಗೆ ತೆಗೆದುಕೊಂಡು ಹೋದ.

ಕುಂಬಾರ ಬದುಕಿದ. ಕಾಲು ಮಾತ್ರ ಸರಿಹೋಗಲಿಲ್ಲ. ತಿಗರಿಯ ಮುಂದೆ ಹೇಗೋ ಕೂರುತ್ತಿದ್ದ, ಆದರೆ ಮಣ್ಣು ತುಳಿದು ಹದ ಮಾಡಲು ಆಗುತ್ತಿರಲಿಲ್ಲ. ಒಂದು ದಿನ ಬೇಟೆಗಾರ ಅವನ ಅಂಗಳಕ್ಕೆ ಹೋಗಿ ಪಂಚೆ ಎತ್ತಿಕಟ್ಟಿ ಮಣ್ಣಿಗೆ ಇಳಿದ. ಕುಂಬಾರ ತಿಗರಿಯ ಮುಂದೆ ಸರಿದು ಕೂತ. ಕೊನೆಯವರೆಗೂ ಹೀಗೇ ನಡೆಯಿತು. ಆ ಸೀಮೆಯ ಒಳ್ಳೆಯ ಗುರಿಕಾರ ತುಳಿದ ಮಣ್ಣಿನ ಮಡಕೆಯಲ್ಲಿ ಜನ ನೀರು ಕುಡಿದರು. ಒಂದೂ ಸೋರಲಿಲ್ಲ ಅನ್ನುತ್ತಾರೆ. ನಾನು ನೋಡಿಲ್ಲ. ನೋಡಿದ್ದರೆ ಖಂಡಿತ ಎರಡು ಸೋರುತ್ತಿದ್ದವು ಎಂದು ಹೇಳುತ್ತಿದ್ದೆ, ಕತೆಗೆ ಚೆನ್ನಾಗಿರುತ್ತದೆ.

ಮಾವನ ಕತೆ ಮುಗಿಯಿತು. ಬಿಸಿಲು ಹೊಸ್ತಿಲಿಗೆ ಬಂದು ಚಿನ್ನೋಬನ ಬೆರಳು ಮುಟ್ಟಿತು.

"ಮಾವ," ಎಂದ ಚಿನ್ನೋಬ. "ನಾಳೆ ನೀವು ಚೌಕಿಯಲ್ಲಿ ನನ್ನ ಪರವಾಗಿ ಹೇಳುತ್ತೀರೋ ಇಲ್ಲವೋ?"

"ನಾಳೆಯ ಮಾತು ಇವತ್ತು ಯಾಕೆ? ನನ್ನ ಕತೆ ಹೇಗಿತ್ತು, ಅದನ್ನು ಹೇಳು. ಸಂಸ್ಥಾನದಲ್ಲಿ ಇಷ್ಟು ಚೆನ್ನಾಗಿ ಹೇಳುವವರು ಇಬ್ಬರೇ. ಇನ್ನೊಬ್ಬನೂ ನಾನೇ."

ಚಿನ್ನೋಬ ಉತ್ತರ ಕೊಡಲು ಬಾಯಿ ತೆರೆದು ಮಾವನ ಮುಖ ನೋಡಿದ. ಆಗ ಮಾವನ ಬೆನ್ನ ಹಿಂದಿನ ಗೋಡೆ ಕಂಡಿತು. ಗೂಟ ಬರಿದಾಗಿತ್ತು. ಅವನು ಮಾವನ ಕಾಲಿನ ಮರಳನ್ನು ನೋಡಿದ, ಮತ್ತೆ ಗೂಟವನ್ನು ನೋಡಿದ.

"ಮಾವ, ನಿಮ್ಮ ಕೋವಿ ಎಲ್ಲಿ?"

"ನಿನ್ನ ಹಂದಿಗಾಗಿ ಬೆಳಗಿನಿಂದ ಗಡಿಕಲ್ಲಿನ ಮೇಲೆ ಮಲಗಿದೆ, ಹೋಗಿ ಅದನ್ನು ಎತ್ತಿಕೊಂಡು ನಿನ್ನದನ್ನು ಇಡು."