ಹುಲಿಗೆವ್ವನ ಹರಿಗೋಲು

ಮುಂದು ಯಾವುದು, ಹಿಂದು ಯಾವುದು ತನಗೇ ಗೊತ್ತಿಲ್ಲ, ಆದರೂ ದಡ ತಪ್ಪೋದಿಲ್ಲ. ಏನದು? ಸೋತಿರಿ ಬಿಡಿ, ನಮ್ಮ ಮೇಷ್ಟ್ರೂ ಸೋತರು. ಅದು ಹರಿಗೋಲು.

ತುಂಗಭದ್ರೆಯ ದಡದಲ್ಲಿ ಅಂಬಿಗರ ಹುಲಿಗೆವ್ವನ ಹರಿಗೋಲು ಬೋರಲು ಬಿದ್ದಿತ್ತು. ಪ್ರವಾಸಿಗರಿಗೆ ನೀರುನಾಯಿ ತೋರಿಸಲು ಅವಳು ಮೋಟಾರು ದೋಣಿ ತಂದಿದ್ದಳು.

"ನೀರುನಾಯಿ ಕಂಡೆಯಾ, ತಮ್ಮಾ?" ಹರಿಗೋಲು ದಿನಾ ಕೇಳುತ್ತಿತ್ತು.

"ಇಲ್ಲಜ್ಜಾ. ಎಷ್ಟು ಜೋರಾಗಿ ಹುಡುಕಿದರೂ ಸಿಗುತ್ತಿಲ್ಲ," ಎಂದಿತು ದೋಣಿ.

"ಅವು ಬಂಡೆಯ ಸಂದಿಯಲ್ಲಿ ಮರಿ ಹಾಕಿದಾಗ ಆ ಕಡೆ ನಾವು ಹುಟ್ಟೇ ಹಾಕುತ್ತಿರಲಿಲ್ಲ. ದೂರ ನಿಂತು ಕಾಯುತ್ತಿದ್ದೆವು. ಅವೇ ಬಂದು ನನ್ನ ಅಂಚಿಗೆ ಮೂಗು ತಾಗಿಸುತ್ತಿದ್ದವು. ಆ ತಣ್ಣನೆ ಮೂಗು ಇನ್ನೊಮ್ಮೆ ತಾಗಿದರೆ ಸಾಕಿತ್ತು."

"ಕಾದರೆ ಹುಲಿಗೆವ್ವನ ಹೊಟ್ಟೆ ತುಂಬುತ್ತದೆಯೇ?"

"ನೀನು ಓಡಿದ್ದಕ್ಕೆ ತುಂಬಿತೇ?"

ಅಂದು ಬಂದವರೂ "ಏನೂ ಕಾಣಲಿಲ್ಲ" ಎಂದು ಮುಖ ಸಿಂಡರಿಸಿ ಹೋದರು. ಹುಲಿಗೆವ್ವ ಮೋಟಾರು ಬಿಚ್ಚಿಟ್ಟು ಹರಿಗೋಲನ್ನು ನೀರಿಗಿಳಿಸಿದಳು. ಮರುದಿನ ಬಂದವರಿಗೆ, "ಮಾತಾಡದೆ ಕೂಡ್ರಿ. ಅವಕ್ಕ ಮನಸಾದ್ರ ಬರ್ತಾವ," ಅಂದಳು. ಕೂತರು. ಸಂಜೆಗೆ ನೀರುನಾಯಿ ಬಂದು ಹರಿಗೋಲಿಗೆ ಮೂಗು ತಾಗಿಸಿತು.

ನಿಜ ಹೇಳಲೇ? ನೀರುನಾಯಿ ಇನ್ನೂ ಬಂದಿಲ್ಲ. ಹರಿಗೋಲಿನ ಸಂಕಟ ನೋಡಲಾರದೆ ಕಥೆಯ ಆ ಕೊನೆಯನ್ನು ನಾನೇ ಕಟ್ಟಿದೆ.