ಉಪಚಾರ ಕೇಳಿದ ಮುದ್ದೆ

ಒಂದಾನೊಂದು ಊರಿನಲ್ಲಿ, ಊರೆಂದರೆ ಅರ್ಧ ಊರಿನಲ್ಲಿ, ಯಾಕೆಂದರೆ ಉಳಿದರ್ಧ ಕೆಲಸಕ್ಕೆ ಹೋಗಿತ್ತು, ಸೌಗಂಧಿ ಎಂಬ ಒಂಬತ್ತನೇ ಕ್ಲಾಸಿನ ಹುಡುಗಿಯಿದ್ದಳು. ಅವಳ ಅಮ್ಮ ಬಸ್ ಕಂಡಕ್ಟರು. ಅಪ್ಪ ಕರೆಂಟು ಕಂಬ ಹತ್ತುವ ಲೈನ್‌ಮನ್. ಅಮ್ಮ ಕೋಳಿಗಿಂತ ಮುಂಚೆ ಎದ್ದು, ಮುದ್ದೆ ಕಟ್ಟಿ, ಸೊಪ್ಪಿನ ಸಾರು ಮಾಡಿ ಮುಚ್ಚಿಟ್ಟು ಓಡುತ್ತಿದ್ದಳು.

ಒಂದು ದಿನ ಸೌಗಂಧಿ ಸ್ಕೂಲಿಂದ ಹಸಿದು ಬಂದು ಮುಚ್ಚಳ ತೆಗೆದಳು. ಮುದ್ದೆ ಕಣ್ಣು ಬಿಟ್ಟಿತು.

"ಬಡಿಸೋಕೆ ಯಾರಿದ್ದಾರೆ?"

"ಯಾರೂ ಇಲ್ಲ. ನಾನೇ ಹಾಕ್ಕೊಂಡು ತಿಂತೀನಿ."

"ಅದೆಲ್ಲಾ ಆಗಲ್ಲ! ಒಬ್ಬರು 'ಇನ್ನೊಂಚೂರು ಹಾಕ್ಲಾ' ಅನ್ನಬೇಕು. ನೀನು 'ಸಾಕು ಸಾಕು' ಅಂತ ಕೈ ಅಡ್ಡ ಹಿಡೀಬೇಕು. ಅವರು ಕೈ ಸರಿಸಿ ಹಾಕಬೇಕು. ಉಪಚಾರ ಇಲ್ದೆ ಗಂಟಲಲ್ಲಿ ಇಳಿಯೋ ಪದ್ಧತಿ ನಮ್ಮ ವಂಶದಲ್ಲೇ ಇಲ್ಲ!"

ಎಂದದ್ದೇ ಮುಖ ಗಂಟಿಕ್ಕಿಕೊಂಡು ಕಲ್ಲಾಯಿತು. ಮುದ್ದೆಗೆ ಸೊಕ್ಕು ನೋಡಿ!

ಅಂಗಡಿಯ ಚಿಪ್ಸ್ ಪೊಟ್ಟಣಕ್ಕೆ ಅಂಥ ಬಿಗುಮಾನವಿಲ್ಲ. "ನನಗೆ ಮಾನವೂ ಇಲ್ಲ, ಮರ್ಯಾದೆಯೂ ಇಲ್ಲ. ಬಾ ತಾಯಿ, ತಿನ್ನು" ಎಂದಿತು. ಸೌಗಂಧಿ ತಿಂದಳು. ಮರುದಿನವೂ ತಿಂದಳು. ಅದರ ಮರುದಿನವೂ ತಿಂದಳು. ಪೊಟ್ಟಣದಲ್ಲಿ ಮುಕ್ಕಾಲು ಪಾಲು ಗಾಳಿ, ನಿಮಗೂ ಗೊತ್ತು. ಆ ಗಾಳಿ ಎಲ್ಲಿಗೆ ಹೋಗಬೇಕು? ಸೋಮವಾರ ಅವಳು ಗೇಣೆತ್ತರ ತೇಲಿದಳು. ಮಂಗಳವಾರ ಮೊಳದೆತ್ತರ. ಬುಧವಾರ ಮನೆಯ ಎತ್ತರವನ್ನೇ ದಾಟಿದಳು. ಅಪ್ಪ ಅಮ್ಮ ಅವಳ ಸೊಂಟಕ್ಕೆ ಸೀರೆ ಕಟ್ಟಿ, ತುದಿಯನ್ನು ನಲ್ಲಿಗೆ ಬಿಗಿದು, ಅಳುತ್ತಾ ಕೆಲಸಕ್ಕೆ ಹೋದರು. ಇಬ್ಬರಿಗೂ ರಜೆ ಸಿಗಲಿಲ್ಲ.

ಪಕ್ಕದ ಮನೆಯೇ ಅರಮನೆ. ಅದರ ಮಾಳಿಗೆಯ ಮೇಲೆ ರಾಜ ಸಂಡಿಗೆ ಒಣಹಾಕಿದ್ದ. ರಾಜ್ಯ ಹೋದರೂ ಆತನಿಗೆ ಚಿಂತೆಯಿಲ್ಲ, ಸಂಡಿಗೆ ಒಣಗಬೇಕು. ಸೌಗಂಧಿಯ ನೆರಳು ಸರಿಯಾಗಿ ಅದರ ಮೇಲೆಯೇ ಬಿತ್ತು.

"ಯಾರೇ ಅದು? ಸಂಜೆಯೊಳಗೆ ಇಳೀದಿದ್ರೆ ಸೀರೆ ಕತ್ತರಿಸಿ ಗಡಿಯಾಚೆ ಅಟ್ಟಿಬಿಡ್ತೀನಿ!" ಎಂದು ರಾಜ ಕಾಗೆ ಓಡಿಸುವ ಕೋಲು ಬೀಸಿದ.

ಸೌಗಂಧಿಯ ಜೀವ ಬಾಯಿಗೆ ಬಂತು. ಗಡಿಯಾಚೆ ಹೋದರೆ ಅಮ್ಮನನ್ನು ನೋಡುವುದು ಹೇಗೆ? ಅಮ್ಮನ ಬಸ್ಸು ಅಲ್ಲಿಯವರೆಗೂ ಹೋಗುವುದಿಲ್ಲ. ಏನು ಮಾಡಲೆಂದು ಕೆಳಗೆ ನೋಡಿದರೆ, ರಾಜನ ಪಕ್ಕ ಚಿನ್ನದ ತಟ್ಟೆ, ಅದರಲ್ಲಿ ಆರಿದ ಅನ್ನ.

"ಮಹಾಸ್ವಾಮಿ, ಊಟ ಮಾಡಲಿಲ್ವಾ?"

"ಇಳಿಯಲ್ಲ ಕಣಮ್ಮ." ರಾಜ ಕೋಲು ಕೆಳಗಿಟ್ಟ. "ಬಾಯಿಮಾತಿಗೆ ಸಾಕು ಅಂದ್ರೂ ಹೆದರಿ ತಟ್ಟೆ ಎತ್ತಿಬಿಡ್ತಾರೆ. ರಾಜಂಗೆ ಬಲವಂತ ಮಾಡೋ ಗಂಡೆದೆ ಯಾರಿಗಿದೆ?"

"ಇಷ್ಟೇನಾ! ಎರಡು ತುತ್ತಾದ್ರೂ ತಿನ್ನಿ. ನನ್ನಾಣೆ."

"ಸಾಕು, ಸಾಕು."

"ಯಾಕೆ ಸಾಕು? ಇನ್ನೊಂಚೂರು! ಈ ವಯಸ್ಸಲ್ಲಿ ತಿನ್ನದೆ ಇನ್ಯಾವಾಗ?"

ರಾಜ ಗಳಗಳನೆ ಅತ್ತ. ಅಳುತ್ತಲೇ ಒಂದು ಹಂಡೆ ಅನ್ನ ಉಂಡು ತೇಗಿದ. ಆಮೇಲೆ ಅವಳ ಮನೆಯ ಮುದ್ದೆ ತರಿಸಿ, ಕೋಲಿನ ತುದಿಗೆ ಸಿಕ್ಕಿಸಿ ಮೇಲಕ್ಕೆ ಚಾಚಿದ.

"ನೀನೂ ತಿನ್ನು."

"ಸಾಕು ಮಹಾಸ್ವಾಮಿ."

"ಇನ್ನೊಂಚೂರು!"

ಮುದ್ದೆಗೆ ಖುಷಿಯೋ ಖುಷಿ. ತಾನಾಗಿ ಜಾರಿ ಗಂಟಲಿಗಿಳಿಯಿತು. ಒಂದು ಮುದ್ದೆಗೆ ಒಂದಾಳುದ್ದ ಇಳಿದಳು. ಮೂರು ಮುದ್ದೆಗೆ ಅಂಗಳ ಮುಟ್ಟಿದಳು. "ನಾಳೆಯಿಂದ ನೀನು ಸ್ಕೂಲಿಂದ ಬರೋ ನಾಲ್ಕೂವರೆಗೆ ನಾನೇ ಸೌಟು ಹಿಡ್ಕೊಂಡು ಬರ್ತೀನಿ" ಎಂದ ರಾಜ. ಈಗಲೂ ಬರುತ್ತಾನೆ. ರಾಜರಿಗೆ ಬೇರೇನು ಕೆಲಸ?

ಸಂಜೆ ಅಮ್ಮ ಬಂದಳು. ನೆಲದ ಮೇಲೆ ನಿಂತ ಮಗಳನ್ನು ತಬ್ಬಿಕೊಂಡು ಅತ್ತಳು, ನಕ್ಕಳು. ಆಮೇಲೆ ಒಲೆ ಮುಂದೆ ನಿಂತುಕೊಂಡೇ ಬ್ಯಾಗಿನಿಂದ ಅರ್ಧ ಬನ್ನು ತೆಗೆದು ಬಾಯಿಗೆ ಹಾಕಿಕೊಂಡಳು. ಬನ್ನಿನಲ್ಲೂ ಗಾಳಿಯೇ ತಾನೆ? ಸೌಗಂಧಿ ನೋಡಿದಳು. ಅಮ್ಮನ ಪಾದ ನೆಲದಿಂದ ಎರಡು ಬೆರಳು ಮೇಲಿತ್ತು. ಎಷ್ಟು ವರ್ಷದಿಂದಲೋ, ಪಾಪ!

ಸೌಗಂಧಿ ತಟ್ಟೆ ಹಾಕಿದಳು. ಅಮ್ಮನನ್ನು ಎಳೆದು ಕೂರಿಸಿದಳು.

"ಸಾಕು ಕಣೇ, ನಂಗೆ ಹಸಿವಿಲ್ಲ."

"ಸುಮ್ನೆ ಕೂತ್ಕೋಮ್ಮ" ಎಂದು ಸೌಗಂಧಿ ಅಮ್ಮನ ಕೈ ಸರಿಸಿ ಬಡಿಸಿದಳು.

ಅಪ್ಪನೂ ತೇಲುತ್ತಿದ್ದನೇ ಎಂದು ನನ್ನ ಕೇಳಬೇಡಿ. ಕಂಬ ಹತ್ತುವವನದು ಯಾರಿಗೆ ಗೊತ್ತಾಗುತ್ತೆ? ನೀತಿಯೇನಪ್ಪಾ ಅಂದರೆ, ಒಬ್ಬರೇ ಕೂತು ತಿನ್ನಬೇಡಿ. ತಿನ್ನಲೇಬೇಕಾದರೆ ಕಿಟಕಿ ಮುಚ್ಚಿಕೊಳ್ಳಿ. ಕತೆ ಮುಗೀತು, ಸಾರು ಆರೀತು, ಏಳಿ, ಕೈ ತೊಳೀರಿ.