ಮುತ್ತಿ ನೀರು ದಾಟಿದ್ದು

ಕಾಲು ಕಂಬಳಿ ಒಳಕ್ಕೆ ತಗೋ ಕೂಸೇ, ಹೇಳ್ತೀನಿ. ಒಂದಾನೊಂದು ಕಾಲ, ಆದ್ರೆ ತೀರಾ ಹಿಂದಿನದೂ ಅಲ್ಲ, ದೊಡ್ಡ ಕಾಡಿನ ನಡುವೆ ಒಂದು ಹೊಳೆ ಇತ್ತಂತೆ, ಹೊಳೆ ದಂಡೇಲಿ ಜೇನು ಕೀಳೋ ಜನರ ಒಂದು ಹಾಡಿ ಇತ್ತಂತೆ. ಹಾಡಿ ಅಂದ್ರೆ ಕಾಡಿನೋರ ಊರು. ಅಲ್ಲಿ ಮೂರು ಜನ ಒಡಹುಟ್ಟಿದೋರು, ದೊಡ್ಡೋನು ಬೊಳ್ಳ, ನಡುವಿನೋನು ಮಾಸ್ತಿ, ಕಿರಿಯೋಳು ಮುತ್ತಿ. ಅವರವ್ವ ತೀರಿಕೊಂಡಿದ್ಲು. ಬೊಳ್ಳನಿಗೆ ಹೆಂಡ್ತಿ, ಎರಡು ಹೆಣ್ಣುಮಕ್ಕಳು. ಜೇನು ಇಳಿಸ್ಕೊಂಡು, ಗೆಡ್ಡೆ ಅಗೆದು ಸುಟ್ಕೊಂಡು ಇದ್ರಂತೆ.

ಆಮೇಲೆ ದೂರದ ಪಟ್ಟಣದ ದೊರೆಗೆ ಎಣ್ಣೆ ಇಲ್ಲದೆ ಉರಿಯೋ ದೀಪ ಬೇಕು ಅನ್ನಿಸ್ತಂತೆ. ಅದಕ್ಕೆ ಹೊಳೆಗೆ ಅಡ್ಡಲಾಗಿ ಬೆಟ್ಟದಂಥ ಕಟ್ಟೆ ಕಟ್ಟಿಸಿದನಂತೆ. ದೊರೆ ಆಳುಗಳು ಬಂದು, ಇಲ್ಲೆಲ್ಲ ನೀರು ನಿಲ್ಲುತ್ತೆ, ಏಳಿ, ಬಯಲಲ್ಲಿ ನಿಮಗೆ ಮನೆ ಕಟ್ಟಿದೀವಿ ಅಂದ್ರಂತೆ. ನಮ್ಮವ್ವನ್ನ ಇಲ್ಲೇ ಮಣ್ಣು ಮಾಡಿದೀವಲ್ಲ, ಅವಳನ್ನ ಹೆಂಗೆ ಕರ್ಕೊಂಡು ಬರೋದು ಅಂತ ಮುತ್ತಿ ಕೇಳಿದ್ಲಂತೆ. ಅವರು ಗುಡಿಸಲ ಸಾಮಾನು ಹೊರಗೆ ಹಾಕೋಕೆ ಶುರು ಮಾಡಿದ್ರಂತೆ.

ಬಯಲಲ್ಲಿ ತಗಡಿನ ಮನೆ ಸಾಲು. ದೀಪಾನೂ ಇತ್ತಂತೆ, ಕಡ್ಡಿ ಗೀರದೇ ಉರಿಯೋದು, ಹಾಡಿಯೋರೆಲ್ಲ ಬಾಯಿ ತೆರೆದು ನೋಡಿದ್ರಂತೆ. ಆದ್ರೆ ಆ ನೆಲ ಅಗೆದ್ರೆ ಗೆಡ್ಡೆ ಇಲ್ಲ, ತಲೆ ಎತ್ತಿದ್ರೆ ಜೇನಿಲ್ಲ, ಕುಡಿಯೋಕೆ ಉಪ್ಪುನೀರು. ಆಮೇಲೆ ಜ್ವರ ಬಂತಂತೆ. ಬೊಳ್ಳನ ದೊಡ್ಡ ಮಗಳು ಆ ಜ್ವರದಲ್ಲೇ ಹೋಗಿಬಿಟ್ಲಂತೆ.

ಆಗ ಬೊಳ್ಳ, ಅಕ್ಕಿ ತರ್ತೀನಿ ಅಂತ ಕಾಫಿ ತೋಟಕ್ಕೆ ಕೂಲಿಗೆ ಹೋದ, ಹೋದೋನನ್ನ ತೋಟದೋರು ಸಾಲ ತೀರಿಲ್ಲ ಅಂತ ವಾಪಸ್ ಬಿಡಲೇ ಇಲ್ಲವಂತೆ. ಆಮೇಲೆ ಮಾಸ್ತಿ, ದೊರೆಗೇ ಹೇಳ್ತೀನಿ ಅಂತ ಪಟ್ಟಣಕ್ಕೆ ಹೋದ. ಅರಮನೆ ಬಾಗಿಲು ಕಾಯೋನು ಯಾವೂರು ಅಂದ, ಮಾಸ್ತಿ ಹಾಡಿ ಹೆಸರು ಹೇಳ್ದ. ಅಲ್ಲಿ ಊರೇ ಇಲ್ವಲ್ಲಯ್ಯ, ಬರೀ ನೀರಿರೋದು ಅಂದನಂತೆ. ಮಾಸ್ತಿ ಅಷ್ಟು ದೂರ ವಾಪಸ್ ನಡೆದು ಬಂದು, ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟನಂತೆ.

ಅಷ್ಟರಲ್ಲಿ ಬೊಳ್ಳನ ಚಿಕ್ಕ ಮಗು ಕೆಂಚಿ, ಅದೂ ಊಟ ಬಿಟ್ಟಿತು. ಮುತ್ತಿ ಅದನ್ನ ಬೆನ್ನಿಗೆ ಕಟ್ಕೊಂಡು, ಅತ್ತಿಗೆ, ಹೊಳೆ ಆಚೆ ಗುಡ್ಡ ಎತ್ತರದ್ದು, ಅದು ಮುಳುಗಿರಲ್ಲ, ಅಲ್ಲಿ ಗೆಡ್ಡೆ ಸಿಕ್ಕುತ್ತೆ, ಬಾ ಅಂದ್ಲಂತೆ. ಅತ್ತಿಗೆ ಎದ್ದು ಬಂದ್ಲು. ನಡೆದು ನಡೆದು ಕಾಡಿನ ಅಂಚಿಗೆ ಬಂದು ನೋಡ್ತಾರೆ, ಹೊಳೆ ಇಲ್ಲ ಕೂಸೇ. ಕಣ್ಣು ಹಾಯೋವರೆಗೂ ನೀರು, ಆಕಾಶವೇ ಕೆಳಗೆ ಬಂದು ಮಲಗಿದ ಹಂಗೆ. ಬಿದಿರು ಕಡಿದು ತೆಪ್ಪ ಕಟ್ಟಿದ್ರು. ನಡುನೀರಿಗೆ ಬಂದಾಗ ಮುತ್ತಿ ಬಗ್ಗಿ ನೋಡಿದ್ಲಂತೆ. ಬಿಸಿಲು ನೆಟ್ಟಗೆ ಒಳಕ್ಕೆ ಇಳಿದಿತ್ತು. ಕೆಳಗೆ ಅವರ ಗುಡಿಸಲ ಕಂಬ, ಒಲೆಗಲ್ಲು, ಒಲೆಗಲ್ಲಿನ ಸಂದೀಲಿ ಮೀನು ಹೊಕ್ಕು ಹೊರಗೆ ಬರ್ತಿತ್ತಂತೆ. ಅವ್ವನ್ನ ಮಣ್ಣು ಮಾಡಿದ ಜಾಗಾನೂ ಕಂಡಿತು, ಮೇಲಿಟ್ಟ ಕಲ್ಲು ಇಟ್ಟ ಹಂಗೇ ಇತ್ತಂತೆ. ಮುತ್ತಿ ಹುಟ್ಟು ಹಾಕೋದು ಬಿಟ್ಟು ಕೈ ಮುಗಿದ್ಲು. ಅತ್ತಿಗೆ ಮೆಲ್ಲಗೆ, ನಡಿ ಮುತ್ತಿ, ಮಗು ಹಸಿದಿದೆ ಅಂದ್ಲಂತೆ.

ಗುಡ್ಡದಲ್ಲಿ ಗೆಡ್ಡೆ ಇತ್ತು. ಸುಟ್ಟು, ತಾವೇ ಅಗಿದು ಮೆತ್ತಗೆ ಮಾಡಿ ಬಾಯಿಗಿಟ್ರೆ ಕೆಂಚಿ ನುಂಗಿತಂತೆ. ಆಮೇಲೆ ಸುದ್ದಿ ತಿಳಿದು ಹಾಡಿಯೋರು ಒಬ್ಬೊಬ್ಬರೇ ತೆಪ್ಪ ಕಟ್ಕೊಂಡು ಬಂದ್ರು, ಮಾಸ್ತೀನೂ ಎದ್ದು ಬಂದ.

ಇದು ದೊರೆಗೆ ಗೊತ್ತಾಯ್ತು. ನಾನು ಮನೆ ಕೊಟ್ರೆ ಬಿಟ್ಟು ಓಡ್ತಾರಾ ಅಂತ ಸಿಟ್ಟಾಗಿ, ಎಬ್ಬಿಸೋಕೆ ಆಳುಗಳ ಜೊತೆ ತಾನೇ ದೋಣಿ ಹತ್ತಿ ಬಂದನಂತೆ. ದಡಕ್ಕೆ ಇಳಿದು, ನಡೀರಿ ಎಲ್ಲ ಅಂದ. ಮುತ್ತಿ ಮುಂದೆ ಬಂದು, ಬುದ್ಧಿ, ಒಂಚೂರು ಹಿಂದೆ ತಿರುಗಿ ನೋಡಿ ಅಂದ್ಲಂತೆ.

ಆಚೆ ದಡದಲ್ಲಿ ಆನೆ ಹಿಂಡು. ಮಳೆ ಹಿಡಿಯೋ ಮೊದಲು ಹೊಳೆ ದಾಟಿ ಈ ಗುಡ್ಡಕ್ಕೆ ಬರೋದು ಅವುಗಳ ಮುತ್ತಜ್ಜಿ ಕಾಲದ ದಾರಿಯಂತೆ. ಎಲ್ಲಕ್ಕಿಂತ ಮುದುಕಿ ಆನೆ ನೀರಿನ ಅಂಚಲ್ಲಿ ಸೊಂಡಿಲು ಎತ್ತಿ ಮೂಸ್ತಾ ನಿಂತಿತು, ಆಮೇಲೆ ಇಳಿದೇಬಿಡ್ತು. ಅದರ ಹಿಂದೆ ಎಲ್ಲವೂ. ಬೆನ್ನು ಮುಳುಗ್ತು, ತಲೆ ಮುಳುಗ್ತು, ನೀರ ಮೇಲೆ ಬರೀ ಸೊಂಡಿಲು. ಒಂದು ಮರಿ ಸೋತು ಒಳಕ್ಕೆ ಹೋಗ್ತಿತ್ತಂತೆ, ಎರಡು ತಾಯಾನೆ ಅತ್ತಲಿಂದ ಇತ್ತಲಿಂದ ಒತ್ತಿ ಹಿಡಿದು ತೇಲಿಸ್ಕೊಂಡು ಬಂದ್ವಂತೆ. ಆಳುಗಳ ಕೈಲಿದ್ದ ಕೋಲು ತಾನಾಗೇ ಕೆಳಗಿಳೀತು. ನೀರು ಸೋರಿಸ್ಕೊಂಡು ಆ ಕಪ್ಪು ಮೈಗಳು ದೊರೆ ಪಕ್ಕದಲ್ಲೇ ಹಾದು ಕಾಡಿಗೆ ಹೋದ್ವು.

ಆಮೇಲೆ ದೊರೆ ಮೆಲ್ಲಗೆ ಕೇಳಿದ, ಈ ನೀರಿನ ಕೆಳಗೆ ಏನಿತ್ತಮ್ಮ ಅಂತ. ನಮ್ಮ ಹಾಡಿ ಬುದ್ಧಿ, ನಮ್ಮವ್ವ ಅಲ್ಲೇ ಮಲಗಿದಾಳೆ ಅಂದ್ಲು ಮುತ್ತಿ. ನಿಮಗೆ ಮನೆ, ದೀಪ ಎಲ್ಲ ಕೊಟ್ಟಿದ್ದೆನಲ್ಲ ಅಂದ ದೊರೆ. ಅದಕ್ಕೆ ಅವಳು, ದೀಪ ಚೆನ್ನಾಗೇ ಉರೀತಿತ್ತು ಬುದ್ಧಿ, ಆ ಬೆಳಕಲ್ಲೇ ನಮ್ಮಣ್ಣನ ಮಗಳು ಕಣ್ಣು ಮುಚ್ಚಿದ್ದನ್ನ ನೋಡಿದ್ವಿ ಅಂದ್ಲಂತೆ.

ದೊರೆ ಕಟ್ಟೆ ಒಡೆಸ್ತೀನಿ ಅಂತ ಅನ್ನಲಿಲ್ಲ, ಪಟ್ಟಣದ ದೀಪ ಆರಿಸೋಕೆ ಅವನ ಕೈಲೂ ಆಗಲಿಲ್ಲ. ಇವರನ್ನ ಇನ್ನು ಯಾರೂ ಎಬ್ಬಿಸಬೇಡಿ ಅಂತ ಹೇಳಿದ, ಮುತ್ತಿ ಕೇಳ್ಕೊಂಡಿದ್ದಕ್ಕೆ ಬೊಳ್ಳನ್ನ ತೋಟದಿಂದ ಬಿಡಿಸಿ ಕಳಿಸ್ದ. ಬೊಳ್ಳ ಎಲುಬಿನ ಗೂಡಾಗಿ ಬಂದ. ಕೆಂಚಿ ಅಪ್ಪನ ಗುರುತು ಸಿಕ್ಕದೆ ಮುತ್ತಿ ಹಿಂದೆ ಬಚ್ಚಿಟ್ಕೊಂಡಿತಂತೆ, ಆಮೇಲೆ ಮೆಲ್ಲಗೆ ಬಂದು ಅವನ ಬೆರಳು ಹಿಡ್ಕೊಂಡಿತಂತೆ.

ದೊಡ್ಡ ಮಗಳೂ ಬಂದ್ಲಾ ಅಂತೀಯಾ? ಇಲ್ಲ ಕೂಸೇ. ಅವಳು ಆ ಬಯಲ ಮಣ್ಣಲ್ಲೇ ಉಳಿದ್ಲು. ಮಿಕ್ಕೋರು ಗುಡ್ಡದಲ್ಲಿ ಗುಡಿಸಲು ಹಾಕ್ಕೊಂಡು, ಜೇನು ಇಳಿಸ್ಕೊಂಡು ಬಾಳಿದ್ರಂತೆ, ಕೆಂಚಿಗೂ ಮಕ್ಕಳು ಮೊಮ್ಮಕ್ಕಳಾದ್ವಂತೆ. ಕತೆ ದಡ ಸೇರ್ತು. ಇನ್ನು ಕಣ್ಣು ಮುಚ್ಚು.